ನರುಟೊ ಎದುರು ನೇಜಿ: ಒಂದು ಗೆಲುವಿನ ಲೆಕ್ಕ ಬಿಡಿಸಿ ನೋಡಿದಾಗ

ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿ, ನೋಡುವವರ ನಡುವೆ ಒಂದು ಜಗಳ ಯಾವತ್ತೂ ಮುಗಿಯುವುದಿಲ್ಲ. ಹೀರೊ ಗೆದ್ದಿದ್ದು ಸ್ವಂತ ಯೋಗ್ಯತೆಯಿಂದಲೋ, ಬರೆದವರ ಕೃಪೆಯಿಂದಲೋ? ಒಬ್ಬ 'ಪ್ಲಾಟ್ ಆರ್ಮರ್' ಅನ್ನುತ್ತಾನೆ. ಇನ್ನೊಬ್ಬ 'ಅವನು ಎಷ್ಟು ಕಷ್ಟಪಟ್ಟಿದ್ದಾನೆ ಗೊತ್ತಾ' ಅನ್ನುತ್ತಾನೆ. ಇಬ್ಬರೂ ನೂರಾರು ಕಂತುಗಳನ್ನು ಒಟ್ಟಿಗೆ ಎಳೆದು ತರುತ್ತಾರೆ, ಹಾಗಾಗಿ ವಾದ ಎಲ್ಲೂ ನಿಲ್ಲುವುದಿಲ್ಲ. ಅದಕ್ಕೇ ನಾನು ಇಲ್ಲಿ ಒಂದೇ ಪಂದ್ಯ ತೆಗೆದುಕೊಂಡಿದ್ದೇನೆ. 'ನರುಟೊ' ಅನ್ನುವ ನಿಂಜಾ ಕಥೆಯಲ್ಲಿ ಬರುವ ಚೂನಿನ್ ಪರೀಕ್ಷೆಯ ಕೊನೆಯ ಸುತ್ತಿನ ಮೊದಲ ಪಂದ್ಯ: ನರುಟೊ ಉಜುಮಾಕಿ ಎದುರು ನೇಜಿ ಹ್ಯೂಗಾ. ಅನಿಮೆಯಲ್ಲಿ ಇದು 60ರಿಂದ 62ನೇ ಕಂತು.

ಈ ಪಂದ್ಯವೇ ಯಾಕೆ ಅಂದರೆ, ಇಲ್ಲಿ ಹುಡುಗರು ಹೊಡೆದಾಡುವಷ್ಟೇ ವಾದವನ್ನೂ ಮಾಡುತ್ತಾರೆ. ಮನುಷ್ಯ ಏನಾಗಬೇಕು ಅನ್ನುವುದು ಹುಟ್ಟಿದಾಗಲೇ ತೀರ್ಮಾನವಾಗಿರುತ್ತದೆ ಅನ್ನುವುದು ನೇಜಿಯ ವಾದ. ಹಾಗೇನಿಲ್ಲ, ಪ್ರಯತ್ನದಿಂದ ಅದನ್ನು ಬದಲಾಯಿಸಬಹುದು ಅನ್ನುವುದು ನರುಟೊನ ವಾದ. ಆಮೇಲೆ ನರುಟೊ ಗೆಲ್ಲುತ್ತಾನೆ. ಪಂದ್ಯ ಗೆದ್ದವನೇ ವಾದವನ್ನೂ ಗೆದ್ದ ಅಂತ ಕಥೆ ಹೇಳುತ್ತದೆ. ನನಗೆ ತಕರಾರಿರುವುದು ಆ ಎರಡನೇ ಮಾತಿನ ಬಗ್ಗೆ. ಪಂದ್ಯ ನರುಟೊನದ್ದೇ, ಅದರಲ್ಲಿ ಅನುಮಾನವಿಲ್ಲ. ಪಂದ್ಯದ ಜೊತೆ ಬಂದ ಉಪದೇಶಕ್ಕೆ ಮಾತ್ರ ಅವನು ಹಕ್ಕುದಾರನಲ್ಲ.

(ಕಥೆ ಪೂರ್ತಿ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಮುಂದೆ ಕೊನೆಯವರೆಗಿನ ಗುಟ್ಟೆಲ್ಲ ಹೊರಬೀಳುತ್ತದೆ.)

ಹಿನ್ನೆಲೆ

ಮಸಾಶಿ ಕಿಶಿಮೊಟೊ ಅವರ 'ನರುಟೊ' ಮಂಗಾ, ಅಂದರೆ ಚಿತ್ರಕಥೆ, 1999ರಿಂದ 2014ರವರೆಗೆ ಜಪಾನಿನ 'ವೀಕ್ಲಿ ಶೋನೆನ್ ಜಂಪ್' ಪತ್ರಿಕೆಯಲ್ಲಿ ಬಂತು. ಒಟ್ಟು 700 ಅಧ್ಯಾಯ. 2002ರಲ್ಲಿ ಅನಿಮೆ ಶುರುವಾಯಿತು. ಆ ಪತ್ರಿಕೆಗೆ ಹಳೆಯದೊಂದು ಘೋಷಣೆ ಇದೆ: ಗೆಳೆತನ, ಶ್ರಮ, ಗೆಲುವು. ಮೂರೇ ಪದ. ಪತ್ರಿಕೆಯ ಹೆಸರಾಂತ ಕಥೆಗಳೆಲ್ಲ ಹೆಚ್ಚುಕಮ್ಮಿ ಈ ಮೂರರ ಮೇಲೇ ನಿಂತಿವೆ. ಇದನ್ನು ನೆನಪಿಟ್ಟುಕೊಂಡರೆ ಒಂದು ವಿಷಯ ಅರ್ಥವಾಗುತ್ತದೆ. ಇಂಥ ಕಥೆಯಲ್ಲಿ ಹೀರೊ ಗೆದ್ದರೆ ಸಾಲದು, ಶ್ರಮದಿಂದಲೇ ಗೆದ್ದ ಅಂತ ಓದುವ ಹುಡುಗನಿಗೆ ಅನ್ನಿಸಲೂ ಬೇಕು.

ಚೂನಿನ್ ಪರೀಕ್ಷೆ ಅಂದರೆ ಕೆಳಹಂತದ ನಿಂಜಾ, ಅಂದರೆ ಗೆನಿನ್, ನಡುಹಂತಕ್ಕೆ ಏರುವ ಪರೀಕ್ಷೆ. ಮೊದಲು ಲಿಖಿತ ಪರೀಕ್ಷೆ. ನರುಟೊ ಖಾಲಿ ಹಾಳೆ ಕೊಟ್ಟೂ ಪಾಸಾಗುತ್ತಾನೆ, ಯಾಕೆಂದರೆ ಹತ್ತನೇ ಪ್ರಶ್ನೆಯಲ್ಲಿ ಅಳೆಯುತ್ತಿದ್ದದ್ದು ಧೈರ್ಯವನ್ನು. ಆಮೇಲೆ 'ಸಾವಿನ ಕಾಡಿ'ನಲ್ಲಿ ಐದು ದಿನ. ಉಳಿದವರು ಜಾಸ್ತಿಯಾದರು ಅಂತ ಒಂದು ಪೂರ್ವಭಾವಿ ಸುತ್ತು. ಅದರಲ್ಲಿ ನರುಟೊ ತನ್ನ ಸಹಪಾಠಿ ಕಿಬಾನನ್ನು ಸೋಲಿಸಿದ. ಆ ಪಂದ್ಯ ತಿರುಗಿದ್ದು ತಡೆಯಲಾಗದೆ ಬಿಟ್ಟ ಒಂದು ಹೂಸಿನಿಂದ. ಅರ್ಹತೆಯ ಬಗ್ಗೆ ಗಂಭೀರವಾಗಿ ಬರೆಯುವಾಗ ಇದನ್ನು ಎಲ್ಲಿ ಸೇರಿಸಬೇಕೋ ನನಗಂತೂ ತಿಳಿಯಲಿಲ್ಲ.

ಅದೇ ಸುತ್ತಿನಲ್ಲಿ ನೇಜಿ ತನ್ನ ಚಿಕ್ಕ ವಯಸ್ಸಿನ ದಾಯಾದಿ ಹಿನಾಟಾಳನ್ನು ಸಾಯುವ ಹಂತಕ್ಕೆ ತಂದಿಟ್ಟ. ಜೋನಿನ್‌ಗಳು, ಅಂದರೆ ಮೇಲ್ದರ್ಜೆಯ ನಿಂಜಾಗಳು, ನಡುವೆ ಬಂದು ತಡೆಯಬೇಕಾಯಿತು. ಅವಳ ರಕ್ತವನ್ನು ಕೈಗೆ ಹಚ್ಚಿಕೊಂಡು ನರುಟೊ ಶಪಥ ಮಾಡಿದ: ಇವನನ್ನು ಸೋಲಿಸುತ್ತೇನೆ. ಕೊನೆಯ ಸುತ್ತಿಗೆ ಒಂದು ತಿಂಗಳು ಬಿಡುವು ಸಿಕ್ಕಿತು.

ಇಬ್ಬರ ಕೈಯಲ್ಲಿ ಇದ್ದದ್ದು

ನೇಜಿ ಹಿಂದಿನ ವರ್ಷದ ಬ್ಯಾಚಿನಲ್ಲಿ ಮೊದಲಿಗ. ಹ್ಯೂಗಾ ಅನ್ನುವ ದೊಡ್ಡ ಮನೆತನದವನು. ಅವರ ಕಣ್ಣಿನ ಶಕ್ತಿಗೆ ಬ್ಯಾಕುಗಾನ್ ಅಂತ ಹೆಸರು. ಸುತ್ತಲೂ ಹೆಚ್ಚುಕಮ್ಮಿ 360 ಡಿಗ್ರಿ ಕಾಣುತ್ತದೆ, ಎದುರಾಳಿಯ ಮೈಯೊಳಗೆ ಹರಿಯುವ ಚಕ್ರವೂ, ಅಂದರೆ ನಿಂಜಾ ವಿದ್ಯೆಗೆ ಬೇಕಾದ ಶಕ್ತಿಯೂ, ಕಾಣುತ್ತದೆ. ಇದು ರಕ್ತದಿಂದ ಬಂದದ್ದು, ದುಡಿದು ಪಡೆದದ್ದಲ್ಲ. ಪಂದ್ಯ ನೋಡಲು ಬಂದ ದೊಡ್ಡಪ್ಪ ಹಿಯಾಶಿಯೇ ಒಪ್ಪುವಂತೆ, ಹ್ಯೂಗಾ ರಕ್ತದ ಕೃಪೆ ಈ ಹುಡುಗನಿಗೆ ಸಿಕ್ಕಷ್ಟು ಬೇರೆ ಯಾರಿಗೂ ಸಿಕ್ಕಿಲ್ಲ. ಹಾಗಾಗಿ ನೇಜಿಯನ್ನು 'ಪಾಪದ ಹುಡುಗ' ಅಂತ ಮಾತ್ರ ತೋರಿಸಿದರೆ ತಪ್ಪಾಗುತ್ತದೆ.

ಆದರೆ ಆ ಮನೆಯಲ್ಲಿ ಎರಡು ಕವಲು. ಮೂಲ ಮನೆ ಮತ್ತು ಕವಲು ಮನೆ. ಹಿಯಾಶಿ ಮತ್ತು ನೇಜಿಯ ಅಪ್ಪ ಹಿಜಾಶಿ ಅವಳಿಗಳು. ಹಿಯಾಶಿ ಮೊದಲು ಹುಟ್ಟಿದ, ಯಜಮಾನನಾದ. ಹಿಜಾಶಿ ಆಮೇಲೆ ಹುಟ್ಟಿದ, ಆಳಾದ. ಕವಲು ಮನೆಯವರ ಹಣೆಗೆ ಶಾಪದ ಮುದ್ರೆ ಒತ್ತುತ್ತಾರೆ. ಅವರು ಸತ್ತರೆ ಬ್ಯಾಕುಗಾನ್ ಗುಟ್ಟು ಹೊರಗೆ ಹೋಗದಂತೆ ಅದು ಕಣ್ಣನ್ನು ಮುಚ್ಚುತ್ತದೆ. ಬದುಕಿರುವಾಗ ಅದು ಮೂಲ ಮನೆಯವರ ಕೈಯ ಕಡಿವಾಣ: ಬೇಕೆಂದಾಗ ಮಿದುಳಿಗೇ ನೋವು ಕೊಡಬಹುದು, ಕೊಲ್ಲಲೂಬಹುದು. ನೇಜಿಗೆ ನಾಲ್ಕನೇ ವಯಸ್ಸಿನಲ್ಲಿ ಈ ಮುದ್ರೆ ಬಿತ್ತು. ಮುಂದೆ ಕುಮೊ ಹಳ್ಳಿಯಿಂದ ಒಪ್ಪಂದಕ್ಕೆ ಬಂದ ನಾಯಕ ಹಿನಾಟಾಳನ್ನು ಕದ್ದೊಯ್ಯಲು ನೋಡಿದ. ಹಿಯಾಶಿ ಅವನನ್ನು ಕೊಂದ. ಯುದ್ಧ ಬೇಡವಾದರೆ ಹಿಯಾಶಿಯ ಹೆಣ ಕೊಡಿ ಅಂತ ಕುಮೊ ಹಟ ಹಿಡಿಯಿತು. ಅಣ್ಣನ ಬದಲು ತಮ್ಮ ಹಿಜಾಶಿ ಸತ್ತ. ವಿಧಿಯ ಬಗ್ಗೆ ನೇಜಿ ಮೈದಾನದಲ್ಲಿ ಭಾಷಣ ಮಾಡುವಾಗ ಅದರ ಹಿಂದೆ ಇಷ್ಟು ಇದೆ.

ಇನ್ನು ನರುಟೊ. ಹುಟ್ಟಿದ ದಿನವೇ ಹೊಟ್ಟೆಯೊಳಗೆ ಒಂಬತ್ತು ಬಾಲದ ನರಿಯನ್ನು ಮುದ್ರೆ ಹಾಕಿ ಬಂಧಿಸಿಟ್ಟರು. ಅಪ್ಪ ಅಮ್ಮ ಅದೇ ದಿನ ಸತ್ತರು. ಹಳ್ಳಿಯವರು ಹನ್ನೆರಡು ವರ್ಷ ಅವನನ್ನು ದೂರ ಇಟ್ಟರು. ಯಾಕೆ ಅಂತ ಅವನಿಗೆ ಯಾರೂ ಹೇಳಲಿಲ್ಲ. ಶಾಲೆಯ ಅಂತಿಮ ಪರೀಕ್ಷೆಯಲ್ಲಿ ಮೂರು ಸಲ ಫೇಲ್. ಕಾರಣ ಪ್ರತಿ ಸಲವೂ ಒಂದೇ: ತನ್ನದೇ ಪ್ರತಿರೂಪ ಮಾಡುವ ವಿದ್ಯೆ. ಅದರಲ್ಲಿ ಅವನು ತೀರಾ ದಡ್ಡ. ಕೊನೆಗೂ ಆ ಪರೀಕ್ಷೆಯನ್ನು ಅವನು ಪಾಸು ಮಾಡಲೇ ಇಲ್ಲ. ಕದ್ದು ತಂದ ಸುರುಳಿಯಿಂದ ಒಂದೇ ರಾತ್ರಿಯಲ್ಲಿ 'ನೆರಳು ಪ್ರತಿರೂಪ' ಅನ್ನುವ ನಿಷೇಧಿತ ವಿದ್ಯೆ ಕಲಿತು, ಮೋಸಗಾರ ಮೇಷ್ಟ್ರು ಮಿಜುಕಿಯನ್ನು ಬಡಿದ. ಅದನ್ನು ನೋಡಿದ ಇರುಕಾ ಮೇಷ್ಟ್ರು ತಮ್ಮ ಹಣೆಪಟ್ಟಿಯನ್ನೇ ಬಿಚ್ಚಿ ಅವನಿಗೆ ಕಟ್ಟಿದರು.

ನೋವಿನ ಲೆಕ್ಕದಲ್ಲಿ ಇಬ್ಬರೂ ಸಮ ಅಂತಲೇ ನನಗನ್ನಿಸುವುದು. ನರುಟೊ ಅಭಿಮಾನಿಗಳು 'ಅವನು ಎಷ್ಟು ಅನುಭವಿಸಿದ್ದಾನೆ' ಅಂದಾಗ ನಾನು ನೇಜಿಯ ಹಣೆ ತೋರಿಸುತ್ತೇನೆ. ನೋವು ತಿಂದವನಿಗೆಲ್ಲ ಗೆಲುವು ಸಲ್ಲಬೇಕು ಅಂದರೆ ಆ ಮೈದಾನದಲ್ಲಿ ಸೋಲಬೇಕಾದವರೇ ಯಾರೂ ಇರುವುದಿಲ್ಲ. ಅದೇ ಪರೀಕ್ಷೆಗೆ ಬಂದಿದ್ದ ಗಾರಾನ ನೋವಿನ ಬಾಲ್ಯವನ್ನು ಒಮ್ಮೆ ನೆನೆಸಿಕೊಳ್ಳಿ.

ಆ ಒಂದು ತಿಂಗಳು

ಪ್ರಕರಣದ ನಿಜವಾದ ಗಂಟು ಇರುವುದು ಈ ತಿಂಗಳಲ್ಲಿ. ಪಂದ್ಯವನ್ನೇ ಮತ್ತೆ ಮತ್ತೆ ನೋಡುವವರು ಇದನ್ನು ಸುಮ್ನೆ ದಾಟಿಬಿಡುತ್ತಾರೆ.

ನರುಟೊನ ಗುರು ಕಾಕಾಶಿ ತಿಂಗಳು ಪೂರ್ತಿ ಅದೇ ತಂಡದ ಸಾಸುಕೆಯ ಜೊತೆ ಹೋದ, ತನ್ನದೇ ಮಿಂಚಿನ ವಿದ್ಯೆ ಚಿಡೋರಿ ಕಲಿಸಿದ. ನರುಟೊನನ್ನು ಎಬಿಸು ಅನ್ನುವ ಪಾಠ ಹೇಳುವ ಮೇಷ್ಟ್ರ ಕೈಗೆ ಒಪ್ಪಿಸಿದ. ಹೀಗೆ ನೋಡಿದರೆ ನರುಟೊಗೆ ಅನ್ಯಾಯವಾಗಿದೆ. ಆದರೆ ಬಿಸಿನೀರಿನ ಬುಗ್ಗೆಯ ಹತ್ತಿರ ಎಬಿಸು ನೀರಿನ ಮೇಲೆ ನಡೆಯುವುದನ್ನು ಕಲಿಸುತ್ತಿದ್ದಾಗ, ಹೆಂಗಸರ ಸ್ನಾನದ ಕಡೆ ಇಣುಕುತ್ತಿದ್ದ ಒಬ್ಬ ಮುದುಕ ಸಿಕ್ಕ. ಅವನೇ ಜಿರಾಯಾ. ಹಳ್ಳಿಯ ಮೂವರು ಮಹಾನ್ ನಿಂಜಾಗಳಲ್ಲಿ ಒಬ್ಬ.

ಸಿಇಟಿಗೆ ಒಂದು ತಿಂಗಳಿದೆ ಅನ್ನುವಾಗ ಬಸ್ ಸ್ಟಾಪಿನಲ್ಲಿ ಸುಮ್ಮನೆ ಸಿಕ್ಕ ಅಜ್ಜ ನಾಡಿನಲ್ಲೇ ದೊಡ್ಡ ಮೇಷ್ಟ್ರಾಗಿದ್ದು, ಬಾ ಮಗಾ ಅಂತ ಬಿಟ್ಟಿ ಪಾಠ ಹೇಳಿದ ಹಾಗಾಯಿತು ಇದು. ಅದೃಷ್ಟ ಅಂತ ಬಿಡಬಹುದಿತ್ತು. ಆದರೆ ಇದು ಬರೀ ಅದೃಷ್ಟವೂ ಅಲ್ಲ ಅಂತ ಬಹಳ ಆಮೇಲೆ ತಿಳಿಯುತ್ತದೆ. ಹಳ್ಳಿಯ ಮುಖ್ಯಸ್ಥನಿಗೆ ಹೊಕಾಗೆ ಅನ್ನುತ್ತಾರೆ. ಜಿರಾಯಾ ನಾಲ್ಕನೇ ಹೊಕಾಗೆ ಮಿನಾಟೊನ ಗುರು. ಮಿನಾಟೊ ನರುಟೊನ ಅಪ್ಪ. 'ನರುಟೊ' ಅನ್ನುವ ಹೆಸರೇ ಜಿರಾಯಾ ಬರೆದ ಕಾದಂಬರಿಯ ನಾಯಕನದ್ದು. ಅಪ್ಪನ ಗುರು ಮಗನಿಗೂ ಗುರುವಾದ. ಇದನ್ನು ಮನೆತನದ ನಂಟು ಅನ್ನದೆ ಇನ್ನೇನು ಅನ್ನೋಣ?

ಜಿರಾಯಾ ಏನು ಕೊಟ್ಟ? ಮೊದಲು, ಕಾಡಿನಲ್ಲಿ ಒರೊಚಿಮಾರು ಅನ್ನುವ ಖಳನಾಯಕ ಹಾಕಿದ್ದ ಹೆಚ್ಚುವರಿ ಮುದ್ರೆಯನ್ನು ತೆಗೆದ. ಅದರಿಂದ ನರುಟೊನ ಚಕ್ರ ಹಿಡಿತಕ್ಕೆ ಬಂತು. ಇದು ಬರೀ ನ್ಯಾಯ, ಯಾರೋ ಕಟ್ಟಿದ ಸಂಕೋಲೆ ಬಿಚ್ಚಿದ್ದು. ಎರಡನೆಯದಾಗಿ, ಕಪ್ಪೆಗಳನ್ನು ಕರೆಯುವ ವಿದ್ಯೆ. ಆ ಒಪ್ಪಂದದ ಸುರುಳಿಯಲ್ಲಿ ನರುಟೊಗೂ ಮೊದಲು ಸಹಿ ಹಾಕಿದವನು ನಾಲ್ಕನೇ ಹೊಕಾಗೆ. ಮೂರನೆಯದೇ ಮುಖ್ಯವಾದದ್ದು. ಜಿರಾಯಾ ಹುಡುಗನನ್ನು ಆಳವಾದ ಕಮರಿಗೆ ತಳ್ಳಿದ. ಸಾವು ಎದುರಿಗೆ ಬಂದಾಗ ನರುಟೊ ತನ್ನೊಳಗಿನ ನರಿಯ ಎದುರು ನಿಂತು, ನನ್ನ ಮೈಯಲ್ಲಿ ಇದ್ದೀಯಲ್ಲ, ಬಾಡಿಗೆ ಅಂತ ಚಕ್ರ ಕೊಡು ಅಂತ ಕೇಳಿದ. ನರಿ ಕೊಟ್ಟಿತು. ಮಾಲೀಕನಿಗಿಂತ ಬಾಡಿಗೆಯವನೇ ಶ್ರೀಮಂತ, ಅದು ಬೇರೆ ಮಾತು.

ನರಿಯ ಚಕ್ರ ಹಾಗೆ ಸೋರಿ ಬರುವುದು ಹೇಗೆ? ಮುದ್ರೆಯನ್ನು ಹಾಗೇ ಮಾಡಿದ್ದರು. ನರಿಯ ಚಕ್ರ ಸ್ವಲ್ಪ ಸ್ವಲ್ಪವಾಗಿ ಮಗುವಿನ ಚಕ್ರಕ್ಕೆ ಸೇರಲಿ ಅಂತ ನಾಲ್ಕನೇ ಹೊಕಾಗೆ ಬೇಕೆಂದೇ ಕಿಂಡಿ ಬಿಟ್ಟಿದ್ದ ಅಂತ ಜಿರಾಯಾ ಕಂಡುಕೊಳ್ಳುತ್ತಾನೆ. ಸಾಯುವ ಮೊದಲು ಅಪ್ಪ ಮಗನಿಗೆ ಬಿಟ್ಟುಹೋದ ಆಸ್ತಿ ಅದು.

ಈಗ ನೇಜಿಯ ಕಡೆ ಬನ್ನಿ. ಅವನಿಗೂ ಗುರು ಇದ್ದ, ಗೈ. ಒಳ್ಳೆಯ ಗುರುವೇ. ಆದರೆ ಹ್ಯೂಗಾ ಮನೆಯ ವಿದ್ಯೆ ಹೊರಗಿನವರಿಗೆ ಕಲಿಸಲು ಬರುವಂಥದ್ದಲ್ಲ. ಕಲಿಸಬೇಕಾದ ದೊಡ್ಡಪ್ಪ ಮೂಲ ಮನೆಯ ಹೆಣ್ಣುಮಕ್ಕಳಿಗಷ್ಟೇ ಕಲಿಸುತ್ತಿದ್ದ. ಪಂದ್ಯದಲ್ಲಿ ನೇಜಿ ಎರಡು ದೊಡ್ಡ ವಿದ್ಯೆಗಳನ್ನು ಬಳಸುತ್ತಾನೆ. ಒಂದು, ಮೈಯೆಲ್ಲ ಚಕ್ರ ಹೊರಬಿಟ್ಟು ಗಿರ್ರನೆ ಸುತ್ತಿ ಎಲ್ಲ ಏಟನ್ನೂ ಎಸೆದುಬಿಡುವ ಕೈಟೆನ್. ಇನ್ನೊಂದು, ಮೈಯ 64 ಚಕ್ರಬಿಂದುಗಳನ್ನು ಬೆರಳಿನಿಂದ ತಿವಿದು ಮುಚ್ಚುವುದು. ಎರಡೂ ಮೂಲ ಮನೆಯ ವಾರಸುದಾರರಿಗೆ ಮಾತ್ರ ಸೇರಿದ ವಿದ್ಯೆ. ಕವಲು ಮನೆಯ ಹುಡುಗ ಇವನ್ನು ಯಾರೂ ಹೇಳಿಕೊಡದೆ ತಾನೇ ಕಂಡುಕೊಂಡಿದ್ದ. ಅವನು ಸುತ್ತುವುದನ್ನು ನೋಡಿ ಗ್ಯಾಲರಿಯಲ್ಲಿದ್ದ ಹಿಯಾಶಿ ದಂಗಾಗುತ್ತಾನೆ.

ಇದನ್ನು ಸ್ವಲ್ಪ ನಿಂತು ನೋಡಬೇಕು. 'ಹಣೆಬರಹ ಬದಲಾಗದು' ಅಂತ ಬಾಯಿತುಂಬ ಹೇಳುವ ಹುಡುಗ, ಹಣೆಯ ಮೇಲೆ ಮುದ್ರೆ ಇಟ್ಟುಕೊಂಡೇ ತನಗೆ ನಿಷೇಧಿಸಿದ ವಿದ್ಯೆಯನ್ನು ಸ್ವಂತ ಪ್ರಯತ್ನದಿಂದ ಕಲಿತಿದ್ದಾನೆ. 'ಪ್ರಯತ್ನದಿಂದ ಏನು ಬೇಕಾದರೂ ಆಗುತ್ತದೆ' ಅನ್ನುವ ಹುಡುಗನಿಗೆ ಅಪ್ಪ ಬಿಟ್ಟುಹೋದ ಶಕ್ತಿ, ಅಪ್ಪನ ಗುರು, ಅಪ್ಪನ ಒಪ್ಪಂದದ ಸುರುಳಿ ಎಲ್ಲ ಸಿಕ್ಕಿವೆ. ಇಬ್ಬರ ಬಾಯಲ್ಲಿರುವ ವಾದ ಅದಲುಬದಲಾಗಬೇಕಿತ್ತು. ಇಬ್ಬರಿಗೂ ಆಗ ಇದು ಗೊತ್ತಿಲ್ಲ. ನರುಟೊಗೆ ತನ್ನ ಅಪ್ಪ ಯಾರು ಅಂತಲೇ ತಿಳಿದಿಲ್ಲ. ಅದಕ್ಕೇ ಅವನನ್ನು ಸುಳ್ಳುಗಾರ ಅನ್ನಲು ಬರುವುದಿಲ್ಲ. ಅವನು ನಂಬಿದ್ದನ್ನೇ ಹೇಳಿದ.

ಪಂದ್ಯ ನಡೆದ ಬಗೆ

ನರುಟೊ ನೆರಳು ಪ್ರತಿರೂಪಗಳಿಂದ ಶುರುಮಾಡಿದ. ಹಿಂದೆ ನಿಂತು ಏಟು ತಪ್ಪಿಸಿಕೊಳ್ಳುತ್ತಿರುವವನೇ ಅಸಲಿ ಅಂತ ಊಹಿಸಿದ ನೇಜಿ ಅವನ ಎದೆಗೇ ತಿವಿದ. ಅದೂ ಪ್ರತಿರೂಪವೇ ಆಗಿತ್ತು. ನೇಜಿ ಹೀಗೇ ಯೋಚಿಸುತ್ತಾನೆ ಅಂತ ನರುಟೊ ಮೊದಲೇ ಲೆಕ್ಕ ಹಾಕಿದ್ದ. ಈ ಚಿಕ್ಕ ವಿಷಯ ನೆನಪಿರಲಿ, ತೀರ್ಪಿನ ಹೊತ್ತಿಗೆ ಬೇಕಾಗುತ್ತದೆ. ಅಸಲಿ ನರುಟೊ ಮೇಲೆ ಬಿದ್ದಾಗ ಕೈಟೆನ್ ಅವನನ್ನು ಎಸೆಯಿತು. ಆಮೇಲೆ 64 ಬಿಂದು ಮುಚ್ಚಿತು. ಚಕ್ರ ಪೂರ್ತಿ ಬಂದ್.

ಪಂದ್ಯ ನ್ಯಾಯವಾಗಿ ಇಲ್ಲಿ ಮುಗಿಯಬೇಕಿತ್ತು. ಬೇರೆ ಯಾವ ಗೆನಿನ್ ಆಗಿದ್ದರೂ ಮುಗಿಯುತ್ತಿತ್ತು. ನರುಟೊಗೆ ಮುಗಿಯದಿದ್ದುದಕ್ಕೆ ಕಾರಣ ಒಂದೇ, ಅವನೊಳಗೆ ಎರಡನೇ ಚಕ್ರ ಇತ್ತು. ಕೆಂಪು ಚಕ್ರ ಉಕ್ಕಿತು. ಅದರ ವೇಗಕ್ಕೆ ನೇಜಿ ಬೆಚ್ಚಿದ. ಕುನಾಯ್ ಅನ್ನುವ ಚೂರಿ ಹಿಡಿದು ಇಬ್ಬರೂ ಡಿಕ್ಕಿ ಹೊಡೆದರು, ದೊಡ್ಡ ಸ್ಫೋಟವಾಯಿತು, ನೆಲದಲ್ಲಿ ಎರಡು ಗುಂಡಿ ಬಿದ್ದವು. ನೇಜಿ ತೂರಾಡುತ್ತಾ ಎದ್ದ. ನರುಟೊ ಗುಂಡಿಯಲ್ಲಿ ಅಂಗಾತ ಬಿದ್ದಿದ್ದ. ಇದೇ ವಾಸ್ತವ ಅನ್ನುವ ಅರ್ಥದ ಮಾತನ್ನು ನೇಜಿ ಆಡುವಷ್ಟರಲ್ಲಿ ಅವನ ಕಾಲಬುಡದ ನೆಲ ಸೀಳಿತು. ಒಳಗಿಂದ ಅಸಲಿ ನರುಟೊ ಎದ್ದು ಗದ್ದಕ್ಕೆ ಗುದ್ದಿದ. ಗುಂಡಿಯಲ್ಲಿ ಬಿದ್ದಿದ್ದದ್ದು ಪ್ರತಿರೂಪ. ನೇಜಿ ಮತ್ತೆ ಏಳಲಿಲ್ಲ.

ಆಗ ನರುಟೊ ಹೇಳಿದ್ದು: ನಾನು ಶಾಲೆಯ ಪರೀಕ್ಷೆಯಲ್ಲಿ ಮೂರು ಸಲ ಫೇಲಾದೆ, ಪ್ರತಿ ಸಲವೂ ಇದೇ ಪ್ರತಿರೂಪ ವಿದ್ಯೆಯಲ್ಲಿ. ವಿಧಿ ಗಿಧಿ ಅಂತ ಗೊಣಗಬೇಡ. ನೀನು ನನ್ನ ಹಾಗೆ ಕೈಲಾಗದವನಲ್ಲ.

ಲೆಕ್ಕ

ಗೆಲುವನ್ನು ಎರಡು ತುಂಡು ಮಾಡಿ ನೋಡುತ್ತೇನೆ. 64 ಬಿಂದು ಮುಚ್ಚಿದ ಮೇಲೂ ನಿಲ್ಲಲು ಆಗಿದ್ದು ಒಂದು ತುಂಡು. ನೆಲದಡಿಯಿಂದ ಬಂದ ಗುದ್ದು ಇನ್ನೊಂದು.

ಮೊದಲನೆಯದು ನರುಟೊನ ಅರ್ಹತೆಯಿಂದ ಬಂದದ್ದಲ್ಲ. 'ನರಿಯನ್ನು ಹೊತ್ತಿದ್ದಕ್ಕೆ ಅವನು ಹನ್ನೆರಡು ವರ್ಷ ಬೆಲೆ ತೆತ್ತಿದ್ದಾನೆ, ಅದರ ಶಕ್ತಿಯೂ ಅವನಿಗೇ ಸೇರಬೇಕು' ಅನ್ನುವ ವಾದವಿದೆ. ಅದರಲ್ಲಿ ಹುರುಳಿದೆ, ನಾನು ತಳ್ಳಿಹಾಕುವುದಿಲ್ಲ. ಶಕ್ತಿ ಬಳಸುವ ಹಕ್ಕು ಅವನಿಗೆ ಖಂಡಿತ ಇದೆ. ಮೋಸವೂ ಇಲ್ಲ, ಅಲ್ಲಿ ಶಿನೊ ಹುಳ ತರುತ್ತಾನೆ, ಕಿಬಾ ನಾಯಿ ತರುತ್ತಾನೆ, ನೇಜಿ ಕಣ್ಣು ತರುತ್ತಾನೆ. ಯಾರೂ ಬರಿಗೈಯಲ್ಲಿ ಬಂದವರಲ್ಲ. ಆದರೆ ಬಳಸುವ ಹಕ್ಕು ಬೇರೆ, ಅದನ್ನು ತೋರಿಸಿ 'ನೋಡು, ಪ್ರಯತ್ನ ಗೆದ್ದಿತು' ಅನ್ನುವ ಹಕ್ಕು ಬೇರೆ. ಮೊದಲನೆಯದು ಇದ್ದರೆ ಎರಡನೆಯದೂ ತಾನಾಗಿ ಬರುವುದಿಲ್ಲ.

ಎರಡನೇ ತುಂಡು ಮಾತ್ರ ಪೂರ್ತಿ ಅವನದ್ದೇ. ಅಷ್ಟು ದೊಡ್ಡ ಸ್ಫೋಟದ ನಡುವೆ ಪ್ರತಿರೂಪ ಬಿಟ್ಟು ನೆಲ ಕೊರೆಯುವ ಯೋಚನೆ ನರಿ ಹೇಳಿಕೊಟ್ಟದ್ದಲ್ಲ. ಪಂದ್ಯದ ಶುರುವಿನಲ್ಲಿ ನೇಜಿಯನ್ನು ಯಾಮಾರಿಸಿದ ಅದೇ ತಲೆ ಕೊನೆಯಲ್ಲೂ ಕೆಲಸ ಮಾಡಿತು. ಗೆದ್ದೆ ಅಂದುಕೊಂಡವನು ಕಾಲಡಿ ನೋಡುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಮೂರು ಸಲ ಫೇಲ್ ಮಾಡಿಸಿದ ವಿದ್ಯೆಯ ಮೇಲೇ ಕುಳಿತು, ಅದನ್ನು ತನ್ನ ಕೈಬಳಕೆಯ ವಿದ್ಯೆ ಮಾಡಿಕೊಂಡ. ಇಲ್ಲೂ ಒಂದು ಕೊಕ್ಕೆ ಇದೆ. ನೆರಳು ಪ್ರತಿರೂಪ ಮಾಡಿದರೆ ಚಕ್ರ ಸಮಪಾಲಾಗಿ ಹಂಚಿಹೋಗುತ್ತದೆ, ಅದಕ್ಕೇ ಅದು ಅಪಾಯದ ವಿದ್ಯೆ. ಗುಂಪುಗುಂಪಾಗಿ ಮಾಡಬೇಕಾದರೆ ಚಕ್ರದ ಕೆರೆಯೇ ಬೇಕು. ಆ ಕೆರೆ ಅಮ್ಮ ಕುಶಿನಾಳ ಉಜುಮಾಕಿ ಮನೆತನದಿಂದಲೂ ಬಂದದ್ದು. ಹೀಗೆ ಕೆದಕುತ್ತಾ ಹೋದರೆ ಯಾವ ಶ್ರಮದ ಬುಡದಲ್ಲೂ ಹುಟ್ಟಿನಿಂದ ಬಂದದ್ದು ಸಿಗುತ್ತದೆ. ನಾನು ಅಷ್ಟು ದೂರ ಹೋಗುವುದಿಲ್ಲ. ಕೊನೆಯ ಗುದ್ದಿಗೆ ಒಂದೇ ಪ್ರತಿರೂಪ ಸಾಕಾಗಿತ್ತು.

ಹಾಗಾಗಿ ನನ್ನ ತೀರ್ಮಾನ: ಗೆಲುವು ನರುಟೊನದ್ದು, ಸರಿಯಾಗೇ ಬಂತು. ಪ್ರಯತ್ನದಿಂದ ವಿಧಿ ಬದಲಾಗುತ್ತದೆ ಅನ್ನುವುದಕ್ಕೆ ಮಾತ್ರ ಆ ಮೈದಾನದಲ್ಲಿ ಗಟ್ಟಿ ಸಾಕ್ಷಿ ಇದ್ದದ್ದು ಸೋತವನ ಹತ್ತಿರ.

ಲೆಕ್ಕಕ್ಕೆ ಸಿಗದ ಮೂರನೆಯವನು

ನೇಜಿಯನ್ನು ಸೋಲಿಸಬೇಕು ಅಂತ ಎಲ್ಲರಿಗಿಂತ ಮೊದಲು ಹಟ ತೊಟ್ಟವನು ನರುಟೊ ಅಲ್ಲ. ನೇಜಿಯ ತಂಡದವನೇ ಆದ ರಾಕ್ ಲೀ. ಅವನಿಗೆ ಚಕ್ರದಿಂದ ಮಾಡುವ ನಿಂಜುಟ್ಸು ಬರುವುದಿಲ್ಲ, ಭ್ರಮೆ ಹುಟ್ಟಿಸುವ ಗೆಂಜುಟ್ಸು ಬರುವುದಿಲ್ಲ. ಕೈಕಾಲು ಬಿಟ್ಟರೆ ಬೇರೆ ಆಯುಧವಿಲ್ಲ. ಬರೀ ಅಭ್ಯಾಸದಿಂದಲೂ ಒಳ್ಳೆಯ ನಿಂಜಾ ಆಗಬಹುದು ಅಂತ ತೋರಿಸುವುದೇ ಅವನ ಬದುಕಿನ ಗುರಿ. ಮನೆತನವಿಲ್ಲ, ಹೊಟ್ಟೆಯಲ್ಲಿ ನರಿಯಿಲ್ಲ.

ಪೂರ್ವಭಾವಿ ಸುತ್ತಿನಲ್ಲಿ ಅವನಿಗೆ ಬಿದ್ದದ್ದು ಗಾರಾ. ಕಾಲಿನ ಭಾರ ಬಿಚ್ಚಿದ, ಮೈಯೊಳಗೆ ಶಕ್ತಿಯನ್ನು ತಡೆಹಿಡಿಯುವ ಎಂಟು ದ್ವಾರಗಳಲ್ಲಿ ಐದನ್ನು ತೆರೆದ, ಆ ವಯಸ್ಸಿಗೆ ಯಾರೂ ಊಹಿಸದ್ದನ್ನು ಮಾಡಿದ. ಸೋತ. ಗಾರಾನ ಮರಳು ಅವನ ಎಡಗೈ, ಎಡಗಾಲನ್ನು ಪುಡಿ ಮಾಡಿತು. ಇನ್ನು ನಿಂಜಾ ಆಗಿ ಬದುಕಲಾರ ಅಂದರು. ಆಮೇಲೆ ವೈದ್ಯೆ ತ್ಸುನಾಡೆ ಬಂದು ಶಸ್ತ್ರಚಿಕಿತ್ಸೆ ಮಾಡಿ ಉಳಿಸಿದ್ದು ಬೇರೆ ಕಥೆ.

ಲೀ ಸೋತದ್ದು ಯಾರ ಎದುರು ಅನ್ನುವುದನ್ನೂ ನೋಡಿ. ಗಾರಾನೊಳಗೆ ಒಂದು ಬಾಲದ ಪ್ರಾಣಿ ಇದೆ. ನರುಟೊನ ಹಾಗೆಯೇ. ಶುದ್ಧ ಶ್ರಮ ಮತ್ತು ಒಳಗಿನ ಪ್ರಾಣಿ ಮುಖಾಮುಖಿಯಾದಾಗ ಪ್ರಾಣಿ ಇದ್ದವನೇ ಗೆದ್ದ. ಅದೇ ಕಥೆ ಮುಂದಿನ ಸುತ್ತಿನಲ್ಲಿ, ಪ್ರಾಣಿ ಇದ್ದ ಇನ್ನೊಬ್ಬ ಹುಡುಗ ಗೆದ್ದಾಗ, ಅದನ್ನು ಶ್ರಮದ ಗೆಲುವು ಅನ್ನುತ್ತದೆ. ಲೀ ಮಾಡಬೇಕಿದ್ದ ವಾದವನ್ನು, ಲೀ ಆಸ್ಪತ್ರೆ ಸೇರಿದ ಮೇಲೆ, ನರುಟೊ ಮಾಡಿದ. ನರುಟೊ ಬೇಕೆಂದು ಕದ್ದನಾ? ಇಲ್ಲ. ಬರೆದವರು ಕೊಟ್ಟರು.

ಇದು ಈ ಕಥೆಯೊಂದರದೇ ಕಾಯಿಲೆ ಅಲ್ಲ. 'ಬ್ಲ್ಯಾಕ್ ಕ್ಲೋವರ್'ನಲ್ಲಿ ಮಾಯಾಶಕ್ತಿಯೇ ಇಲ್ಲದ ಆಸ್ಟಾಗೆ ದೆವ್ವವಿರುವ, ಐದೆಲೆಯ ಗುರುತಿನ ಮಾಯಾಪುಸ್ತಕ ಸಿಗುತ್ತದೆ. 'ಮೈ ಹೀರೊ ಅಕಾಡೆಮಿಯಾ'ದ ಮಿಡೊರಿಯಾಗೆ ನಾಡಿನ ನಂಬರ್ ಒನ್ ಹೀರೊ ತನ್ನ ಶಕ್ತಿಯನ್ನೇ ದಾನ ಮಾಡುತ್ತಾನೆ. ಏನೂ ಇಲ್ಲದ ಹುಡುಗ ಏನೂ ಇಲ್ಲದೆಯೇ ಮೇಲೆ ಬರುವ ಕಥೆ ಬರೆಯುವುದು ಕಷ್ಟ ಅಂತ ಕಾಣುತ್ತದೆ. ಲೀಯನ್ನು ಬರೆದವರಿಗೂ ಅವನನ್ನು ನಾಯಕನನ್ನಾಗಿ ಮಾಡುವ ಧೈರ್ಯ ಬರಲಿಲ್ಲ.

ಪರೀಕ್ಷಕರು ಕೊಟ್ಟ ಉತ್ತರ

ಈ ಇಡೀ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದು, ಬಹಳ ಜನ ಇದನ್ನು ಮರೆತೂ ಇರುತ್ತಾರೆ. ಆ ಸಲದ ಚೂನಿನ್ ಪರೀಕ್ಷೆಯಲ್ಲಿ ಬಡ್ತಿ ಸಿಕ್ಕಿದ್ದು ಯಾರಿಗೆ? ನರುಟೊಗೆ ಅಲ್ಲ. ನೇಜಿಗೂ ಅಲ್ಲ. ನರುಟೊನ ಸಹಪಾಠಿ ಶಿಕಾಮಾರು ಒಬ್ಬನಿಗೆ. ಅವನು ತನ್ನ ಪಂದ್ಯವನ್ನು ಸೋತವನು! ಎದುರಾಳಿ ಟೆಮಾರಿಯನ್ನು ತನ್ನ ನೆರಳಿನ ವಿದ್ಯೆಯಿಂದ ಪೂರ್ತಿ ಹಿಡಿದು ನಿಲ್ಲಿಸಿ, ಚಕ್ರ ಮುಗಿಯುತ್ತಿದೆ, ಇನ್ನು ಹೆಜ್ಜೆ ಇಡಲು ಆಗದು ಅಂತ ಲೆಕ್ಕ ಹಾಕಿ, ಕೈ ಎತ್ತಿ ಸೋಲೊಪ್ಪಿಕೊಂಡ.

ನಿಯಮವನ್ನು ಮೊದಲೇ ಹೇಳಿದ್ದರು. ಪಂದ್ಯ ಗೆದ್ದ ಮಾತ್ರಕ್ಕೆ ಬಡ್ತಿ ಇಲ್ಲ. ಮೊದಲ ಪಂದ್ಯದಲ್ಲೇ ಸೋತವನೂ ಚೂನಿನ್ ಆಗಬಹುದು. ಎಲ್ಲರೂ ಆಗಬಹುದು, ಯಾರೂ ಆಗದೆಯೂ ಇರಬಹುದು. ತಂಡವನ್ನು ನಡೆಸುವ ತಲೆ ಇದೆಯೇ, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದೆಯೇ ಅನ್ನುವುದನ್ನು ಅವರು ನೋಡುತ್ತಿದ್ದರು. ಯಾರು ಗೆದ್ದರು ಅನ್ನುವುದನ್ನೂ ಯಾರು ಅರ್ಹರು ಅನ್ನುವುದನ್ನೂ ಅವರು ಬೇರೆ ಬೇರೆ ಇಟ್ಟಿದ್ದರು. ನಾವು ಅಭಿಮಾನಿಗಳು ಇಪ್ಪತ್ತು ವರ್ಷದಿಂದ ಎರಡನ್ನೂ ಕಲಸಿ ಕಚ್ಚಾಡುತ್ತಿದ್ದೇವೆ.

ಕಥೆಯ ಎರಡನೇ ಭಾಗ ಶುರುವಾಗುವ ಹೊತ್ತಿಗೆ ನರುಟೊ ಇನ್ನೂ ಗೆನಿನ್. ಜೊತೆಯವರೆಲ್ಲ ಚೂನಿನ್. ನೇಜಿ ಆಗಲೇ ಜೋನಿನ್. ಹುದ್ದೆಯ ಲೆಕ್ಕದಲ್ಲಿ ಸೋತವನೇ ಎರಡು ಮೆಟ್ಟಿಲು ಮೇಲೆ. ನರುಟೊ ಈ ವಿಷಯಕ್ಕೆ ಗೋಳಾಡುತ್ತಾನೆ, ಆದರೆ ಅವನಿಗೆ ಅನ್ಯಾಯವಾಯಿತು ಅಂತ ಕಥೆ ಎಲ್ಲೂ ಹೇಳುವುದಿಲ್ಲ. ಅದು ಸರಿ ಕೂಡ.

ಆಮೇಲೆ ನಡೆದದ್ದು

ಪಂದ್ಯ ಮುಗಿದ ಮೇಲೆ ಹಿಯಾಶಿ ಗಾಯಗೊಂಡ ನೇಜಿಯ ಹತ್ತಿರ ಹೋಗಿ ಸತ್ಯ ಹೇಳಿ ತಲೆಬಾಗುತ್ತಾನೆ. ಹಿಜಾಶಿಯನ್ನು ಯಾರೂ ಬಲಿ ಕೊಟ್ಟಿರಲಿಲ್ಲ. ಅಣ್ಣನನ್ನೂ ಹಳ್ಳಿಯನ್ನೂ ಉಳಿಸಲು ಅವನೇ ಮುಂದೆ ಬಂದಿದ್ದ. ಜೀವನದಲ್ಲಿ ಒಮ್ಮೆಯಾದರೂ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳಬೇಕು ಅನ್ನುವುದು ಅವನ ಆಸೆಯಾಗಿತ್ತು. ಇದನ್ನು ಕೇಳಿದ ಮೇಲೆ ನೇಜಿ ಬದಲಾದ. ಅವನ ಬದಲಾವಣೆಗೆ ನರುಟೊನ ಗುದ್ದು ಕಾರಣವೋ ಈ ಮಾತು ಕಾರಣವೋ ಅಂತ ಕೇಳಿದರೆ, ಎರಡೂ ಅನ್ನಬೇಕು. ಆದರೆ ಹೆಸರು ಪೂರ್ತಿ ನರುಟೊಗೆ ಹೋಯಿತು.

ನಾಲ್ಕನೇ ಮಹಾಯುದ್ಧದಲ್ಲಿ, ಮಂಗಾದ 614ನೇ ಅಧ್ಯಾಯದಲ್ಲಿ, ನೇಜಿ ಸಾಯುತ್ತಾನೆ. ಹತ್ತು ಬಾಲದ ಪ್ರಾಣಿಯ ಈಟಿಗಳು ನರುಟೊ ಕಡೆ ಬಂದಾಗ ಹಿನಾಟಾ ಅಡ್ಡ ನಿಲ್ಲುತ್ತಾಳೆ, ಅವಳಿಗೂ ಮುಂದೆ ನೇಜಿ ನಿಲ್ಲುತ್ತಾನೆ. ಅಪ್ಪ ಯಾಕೆ ಹಾಗೆ ಆರಿಸಿಕೊಂಡ ಅಂತ ಈಗ ತಿಳಿಯಿತು ಅಂದುಕೊಳ್ಳುತ್ತಾ ಸಾಯುತ್ತಾನೆ. ಕಥೆ ಇದನ್ನು ಬಿಡುಗಡೆ ಅಂತ ತೋರಿಸುತ್ತದೆ. ನನಗೆ ಅಷ್ಟು ಸುಲಭವಾಗಿ ಒಪ್ಪಲು ಆಗುವುದಿಲ್ಲ. ಹಣೆಯ ಮುದ್ರೆ ಇರುವಾಗಲೇ, ಮೂಲ ಮನೆಯ ಮಗಳ ಮುಂದೆ ನಿಂತು, ಅಪ್ಪನ ಹಾಗೆಯೇ ಸತ್ತ. ಆಯ್ಕೆ ಅವನದ್ದೇ ಇರಬಹುದು, ಆದರೆ ಹೊರಗಿನಿಂದ ನೋಡಿದರೆ ಅವನು ಹದಿಮೂರನೇ ವಯಸ್ಸಿನಲ್ಲಿ ಹೇಳಿದ್ದ ವಿಧಿಯೇ ನಡೆದ ಹಾಗಿದೆ.

ನರುಟೊನ ಕಡೆಯೂ ಅಷ್ಟೇ. ನಿಂಜಾ ವಿದ್ಯೆಯ ಮೂಲಪುರುಷ, ಆರು ದಾರಿಗಳ ಮುನಿ ಹಗೊರೊಮೊ ಬಂದು ಗುಟ್ಟು ಬಿಚ್ಚಿದ: ನರುಟೊ ಅಂದರೆ ತನ್ನ ಮಗ ಅಶುರನ ಪುನರ್ಜನ್ಮ, ಸಾಸುಕೆ ಅಂದರೆ ಇನ್ನೊಬ್ಬ ಮಗ ಇಂದ್ರನ ಪುನರ್ಜನ್ಮ. ಅಪ್ಪ ಹೊಕಾಗೆ, ಅಮ್ಮ ದೊಡ್ಡ ಮನೆತನದವಳು, ಗುರು ದಂತಕಥೆ, ಇದೆಲ್ಲ ಸಾಲದು ಅಂತ ಹಿಂದಿನ ಜನ್ಮವೂ ಸೇರಿತು. ಚೂನಿನ್ ಮೈದಾನದಲ್ಲಿ ನೇಜಿ ಆಡಿದ ಮಾತಿಗೆ ಬರೆದವರೇ ಹತ್ತು ವರ್ಷಕ್ಕೂ ಮೇಲೆ ಸಹಿ ಹಾಕಿದ ಹಾಗಾಯಿತು. ಈ ತಿರುವು ಬೇಕಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಪ್ಪ ಯಾರು ಅನ್ನುವ ಗುಟ್ಟನ್ನಾದರೂ ತಡೆದುಕೊಳ್ಳಬಹುದು, ಆ ಒಬ್ಬ ಅಪ್ಪನಿಗೂ ಒಂದು ನೋವಿನ ಕಥೆ ಇದೆ. ಪುನರ್ಜನ್ಮ ಮಾತ್ರ ಲೀಗೂ ನೇಜಿಗೂ ಒಟ್ಟಿಗೆ ಮಾಡಿದ ಅವಮಾನ.

ಕೊನೆಯದಾಗಿ ಒಂದು ಬಾಕಿ. ಆ ಪಂದ್ಯದಲ್ಲಿ ನೇಜಿ ತನ್ನ ಮನೆಯ ಕಥೆ ಹೇಳಿದಾಗ ನರುಟೊ ಒಂದು ಮಾತು ಕೊಟ್ಟ: ನಾನು ಹೊಕಾಗೆ ಆದ ಮೇಲೆ ಹ್ಯೂಗಾ ಮನೆಯನ್ನು ಬದಲಾಯಿಸುತ್ತೇನೆ. 700ನೇ ಅಧ್ಯಾಯದಲ್ಲಿ ಅವನು ಏಳನೇ ಹೊಕಾಗೆ. ಹೆಂಡತಿ ಹಿನಾಟಾ, ಅಂದರೆ ಹ್ಯೂಗಾ ಮೂಲ ಮನೆಯ ದೊಡ್ಡ ಮಗಳು. ಅಧಿಕಾರವೂ ಇತ್ತು, ಮನೆಯೊಳಗೆ ದಾರಿಯೂ ಇತ್ತು. ಆದರೆ ಕವಲು ಮನೆಯವರ ಹಣೆಯಿಂದ ಆ ಮುದ್ರೆ ಹೋದದ್ದನ್ನು ಮಂಗಾದ ಯಾವ ಪುಟವೂ ತೋರಿಸುವುದಿಲ್ಲ. ಕೆಂಪು ಚಕ್ರವನ್ನೂ ಜಿರಾಯಾನ ಪಾಠವನ್ನೂ ಅಶುರನನ್ನೂ ನಾನು ಹೇಗೋ ಬಿಟ್ಟುಬಿಡಬಲ್ಲೆ. ಹೊಕಾಗೆ ಪಟ್ಟಕ್ಕೆ ಅವನು ಅರ್ಹನೇ ಅಂತ ಯಾರಾದರೂ ಕೇಳಿದರೆ ನನ್ನ ಬೆರಳು ಹೋಗುವುದು ಈ ಬಾಕಿಯ ಕಡೆಗೇ.